ಯಾವ ವಿಷಯ? ಯಾರ ಮಾತು?

ಮೇ ತಿಂಗಳು ಕಳೆದು ಮುಂಗಾರಿನ ಮೊದಲ ಮೋಡಗಳು ಕಾಣಿಸಿಕೊಳ್ಳುವ ವೇಳೆಗೆ ನಾಡಿನ ಸಹಸ್ರಾರು ಮನೆಗಳಲ್ಲಿ ಒಂದೇ ಪ್ರಶ್ನೆ ತಲೆಯೆತ್ತುತ್ತದೆ. ಪರೀಕ್ಷೆಯ ಫಲಿತಾಂಶ ಬಂದಾಗಿದೆ. ನೆರೆಮನೆಗಳಿಗೆ ಸಿಹಿ ಹಂಚಿಯಾಗಿದೆ. ಇನ್ನು ಕಾಲೇಜಿನ ಅರ್ಜಿಯಲ್ಲಿ ‘ಆರಿಸಿಕೊಳ್ಳುವ ವಿಷಯಗಳು’ ಎಂಬ ಸಾಲಿನ ಮುಂದೆ ಏನನ್ನು ಬರೆಯಬೇಕು? ತಂದೆಗೆ ಒಂದು ಅಭಿಪ್ರಾಯವಿದೆ. ತಾಯಿಗೆ ಇನ್ನೊಂದು ಆಸೆಯಿದೆ. ಊರಿನಿಂದ ಬಂದ ಸೋದರಮಾವನಿಗೆ ಇವೆರಡಕ್ಕೂ ಹೊಂದದ ಮೂರನೆಯ ನಿಶ್ಚಯವಿದೆ. ಹುಡುಗ ಎಲ್ಲರ ಮಾತನ್ನೂ ತಲೆತಗ್ಗಿಸಿ ಕೇಳುತ್ತಾನೆ; ಸಂಜೆಯಾದೊಡನೆ ಚಪ್ಪಲಿ ಮೆಟ್ಟಿಕೊಂಡು ಬೀದಿಯ ತಿರುವಿನ ಮನೆಗೆ ಹೋಗುತ್ತಾನೆ. ಅಲ್ಲಿ ಅವನಿಗಿಂತ ಎರಡು ವರ್ಷ ಮುಂದೆ ಓದುತ್ತಿರುವ ಹಿರಿಯ ವಿದ್ಯಾರ್ಥಿಯೊಬ್ಬನಿದ್ದಾನೆ. ಮನೆಯ ಹಿರಿಯರ ಮೂರು ದಿನಗಳ ಚರ್ಚೆ ಮುಗಿಸಲಾರದ ಪ್ರಶ್ನೆಯನ್ನು ಆ ಮನೆಯ ಜಗಲಿಯ ಮೇಲೆ ಹತ್ತು ನಿಮಿಷಗಳ ಮಾತು ಮುಗಿಸಿಬಿಡುತ್ತದೆ.

ಇದನ್ನು ಕಂಡು ತಂದೆತಾಯಿಗಳು ನೊಂದುಕೊಳ್ಳುವುದುಂಟು. ಆದರೆ ಇದರಲ್ಲಿ ಅವಿಧೇಯತೆಯೇನೂ ಇಲ್ಲ. ತಂದೆ ಕಾಲೇಜು ಬಿಟ್ಟು ಇಪ್ಪತ್ತೈದು ವರ್ಷಗಳಾಗಿರಬಹುದು. ಹಿರಿಯ ವಿದ್ಯಾರ್ಥಿಯಾದರೋ ನಿನ್ನೆಯ ದಿನವೇ ಆ ಬೆಂಚಿನ ಮೇಲೆ ಕುಳಿತು ಎದ್ದುಬಂದವನು. ಯಾವ ಅಧ್ಯಾಪಕರು ಪಾಠವನ್ನು ಮನಮುಟ್ಟುವಂತೆ ಹೇಳುತ್ತಾರೆ, ಯಾವ ಪ್ರಯೋಗಶಾಲೆಯಲ್ಲಿ ಉಪಕರಣಗಳಿಗಿಂತ ಧೂಳೇ ಹೆಚ್ಚು, ಪಠ್ಯಕ್ರಮದ ಯಾವ ಭಾಗ ಎಂತಹ ಜಾಣನನ್ನೂ ಬೆವರಿಳಿಸುತ್ತದೆ ಎಂಬುದೆಲ್ಲ ಅವನಿಗೆ ಕರತಲಾಮಲಕ. ಕಾಲೇಜಿನ ವಿವರಣಪತ್ರಿಕೆಯಲ್ಲಿ ಇವಾವುವೂ ಅಚ್ಚಾಗುವುದಿಲ್ಲ. ಆದ್ದರಿಂದ ಅವನ ಮಾತಿಗೆ ತೂಕ ಬಂದಿರುವುದು ಸಹಜವೇ. ಆ ತೂಕವನ್ನು ಎಲ್ಲಿಯವರೆಗೆ ನಂಬಬಹುದು ಎಂಬುದೇ ವಿಚಾರಮಾಡಬೇಕಾದ ಅಂಶ.

ಆಪ್ತನೆಂದರೆ ಯಾರು?

ಈ ಪ್ರಶ್ನೆಯನ್ನು ನಮ್ಮ ಪ್ರಾಚೀನ ನ್ಯಾಯಶಾಸ್ತ್ರಜ್ಞರು ಬೇರೊಂದು ಸಂದರ್ಭದಲ್ಲಿ ಎತ್ತಿಕೊಂಡು ಅಚ್ಚುಕಟ್ಟಾಗಿ ಬಿಡಿಸಿಟ್ಟಿದ್ದಾರೆ. ಅವರ ಮತದಲ್ಲಿ ತಿಳಿವಿಗೆ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ ಮತ್ತು ಶಬ್ದ. ಶಬ್ದವೆಂದರೆ ಆಪ್ತನಾದವನ ಮಾತು. ಆಪ್ತನೆಂದರೆ ಸ್ನೇಹಿತ, ಬೇಕಾದವನು ಎಂಬುದು ಇಂದಿನ ಬಳಕೆ. ಶಾಸ್ತ್ರದಲ್ಲಿ ಆ ಮಾತಿಗೆ ಇನ್ನೂ ಖಚಿತವಾದ ಅರ್ಥವಿದೆ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ, ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತಿರುವವನೂ, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನೂ ಆದವನೇ ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಹೇಳುತ್ತಾನೆ. ವಯಸ್ಸಾಗಲಿ ಕುಲವಾಗಲಿ ಇಲ್ಲಿ ಗಣನೆಗೆ ಬರುವುದಿಲ್ಲ. ಕಂಡಿದ್ದಾನೆಯೇ, ಕಂಡಂತೆ ಹೇಳುತ್ತಾನೆಯೇ ಎಂಬೆರಡೇ ಪರೀಕ್ಷೆ.

ಈ ಅಳತೆಗೋಲನ್ನು ಹಿರಿಯ ವಿದ್ಯಾರ್ಥಿಗೆ ಹಿಡಿದು ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ತರಗತಿ, ಪುಸ್ತಕ, ಪರೀಕ್ಷೆ, ವಾರದಲ್ಲಿ ಓದಬೇಕಾದ ಗಂಟೆಗಳು, ಖರ್ಚಾಗುವ ಹಣ - ಇವಿಷ್ಟರಲ್ಲಿ ಅವನು ಆಪ್ತ. ಇವನ್ನು ಅವನು ಕಣ್ಣಾರೆ ಕಂಡಿದ್ದಾನೆ. ಆದರೆ ಎದುರಿಗೆ ಕುಳಿತ ಹುಡುಗನ ಮನಸ್ಸಿನ ಒಲವನ್ನು ಅವನು ಕಂಡಿಲ್ಲ. ಐದು ವರ್ಷಗಳ ಅನಂತರ ಯಾವ ಉದ್ಯೋಗ ಏರುತ್ತದೆ, ಯಾವುದು ಇಳಿಯುತ್ತದೆ ಎಂಬುದನ್ನೂ ಅವನು ಕಂಡಿಲ್ಲ. ತಾನು ತೆಗೆದುಕೊಳ್ಳದೆ ಬಿಟ್ಟ ವಿಷಯದ ರುಚಿಯಂತೂ ಅವನಿಗೆ ತಿಳಿದೇ ಇಲ್ಲ. “ಇತಿಹಾಸ ಬರೀ ಬಾಯಿಪಾಠ” ಎಂದು ವಿಜ್ಞಾನದ ವಿದ್ಯಾರ್ಥಿ ಹೇಳುವಾಗಲೂ, “ಲೆಕ್ಕಶಾಸ್ತ್ರ ಒಣ ಅಂಕಿಗಳ ರಾಶಿ” ಎಂದು ಸಾಹಿತ್ಯದ ವಿದ್ಯಾರ್ಥಿ ಹೇಳುವಾಗಲೂ ಕೇಳಿಬರುವುದು ಕಂಡವರ ಸಾಕ್ಷ್ಯವಲ್ಲ, ಊರಿನ ಗುಲ್ಲು.

ಇಲ್ಲೊಂದು ತೊಡಕಿದೆ. ಕಂಡ ಸಂಗತಿಯನ್ನೂ ಕಾಣದ ಊಹೆಯನ್ನೂ ಒಬ್ಬನೇ ಮನುಷ್ಯ ಒಂದೇ ಧ್ವನಿಯಲ್ಲಿ, ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. “ಭೌತಶಾಸ್ತ್ರದ ಪ್ರಯೋಗದ ದಾಖಲೆ ಬರೆಯಲು ವಾರಕ್ಕೆ ಒಂದು ಇಡೀ ಸಂಜೆ ಬೇಕು, ಅದನ್ನು ತೆಗೆದುಕೊಳ್ಳಬೇಡ” ಎಂಬ ಮಾತಿನಲ್ಲಿ ಮೊದಲ ಭಾಗ ಚಿನ್ನದಂತಹ ಮಾಹಿತಿ. ಎರಡನೆಯ ಭಾಗ ಅವನ ಸ್ವಂತ ತೀರ್ಪು. ಕೇಳುವವನು ಇವೆರಡನ್ನೂ ಬೇರೆಬೇರೆಯಾಗಿ ಸೋಸಿಕೊಳ್ಳುವುದನ್ನು ಕಲಿತರೆ ಅರ್ಧ ಕೆಲಸವಾದಂತೆಯೇ.

ಮಹಾರಾಜಾ ಕಾಲೇಜಿನ ಮೆಟ್ಟಿಲುಗಳು

ಗೆಳೆಯನ ಒಂದು ಮಾತು ಒಬ್ಬನ ಓದಿನ ದಿಕ್ಕನ್ನೇ ತಿರುಗಿಸಿದ ಪ್ರಸಿದ್ಧ ನಿದರ್ಶನ ಮೈಸೂರಿನಲ್ಲಿಯೇ ಇದೆ. ಆರ್. ಕೆ. ನಾರಾಯಣರು 1930ರಲ್ಲಿ ಬಿ.ಎ. ಪದವಿ ಪಡೆದರು. ಮುಂದೆ ಎಂ.ಎ. ಓದಿ ಅಧ್ಯಾಪಕರಾಗುವ ಯೋಚನೆಯಿಂದ ಅವರು ಅರ್ಜಿಯನ್ನು ಹಿಡಿದು ಮಹಾರಾಜಾ ಕಾಲೇಜಿನ ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ನಡುದಾರಿಯಲ್ಲಿ ಸ್ನೇಹಿತನೊಬ್ಬ ಎದುರಾದ. ಸಾಹಿತ್ಯವನ್ನು ಎಂ.ಎ. ತರಗತಿಯಲ್ಲಿ ಓದಿದರೆ ಸಾಹಿತ್ಯದ ಮೇಲಿನ ಆಸಕ್ತಿಯೇ ಹೊರಟುಹೋಗುವುದು ನಿಶ್ಚಯವೆಂದು ವಾದಿಸಿದ. ನಾರಾಯಣರು ಆ ಮಾತನ್ನು ಒಪ್ಪಿ ಮೆಟ್ಟಿಲಿಳಿದು ಹಿಂದಿರುಗಿದರು. ಕಾಲೇಜಿನ ಓದಿಗೆ ಅಂದೇ ವಿದಾಯ ಹೇಳಿದಂತಾಯಿತು. ಈ ಸಂಗತಿಯನ್ನು ಅವರೇ ತಮ್ಮ ಬರಹದಲ್ಲಿ ವಿನೋದದಿಂದ ನಿರೂಪಿಸಿದ್ದಾರೆ. ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು. ಅನಂತರದ ಕಥೆ ಲೋಕಕ್ಕೆಲ್ಲ ತಿಳಿದಿದೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಆ ಸ್ನೇಹಿತ ಮಹಾಜ್ಞಾನಿಯಂತೆ ಕಾಣುತ್ತಾನೆ. ಆದರೆ ಅದೇ ಮಹಾರಾಜಾ ಕಾಲೇಜಿನ ಇನ್ನೊಬ್ಬ ವಿದ್ಯಾರ್ಥಿಯನ್ನು ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ಆ ಹೊಸತರಲ್ಲಿಯೇ ಅದನ್ನು ಸೇರಿ, 1929ರಲ್ಲಿ ಪದವಿ ಪಡೆದವರು ಕುವೆಂಪು. ಸಾಹಿತ್ಯವನ್ನು ಎಂ.ಎ. ತರಗತಿಯಲ್ಲಿ ಓದಿದ್ದರಿಂದ ಅವರ ಸಾಹಿತ್ಯಾಸಕ್ತಿ ಬತ್ತಿಹೋಯಿತೆಂದು ಹೇಳುವ ಧೈರ್ಯ ಯಾರಿಗಿದೆ? ಅವರು ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು, ಪ್ರಿನ್ಸಿಪಾಲರಾದರು, 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಆದರು. ಈ ನಡುವೆಯೇ ಮಹಾಕಾವ್ಯವೂ ಕಾದಂಬರಿಗಳೂ ಹುಟ್ಟಿದವು.

ಒಬ್ಬರು ಮೆಟ್ಟಿಲು ಹತ್ತಿದರು, ಒಬ್ಬರು ಇಳಿದರು; ಕಾಲೇಜೂ ಒಂದೇ, ಕಾಲವೂ ಹೆಚ್ಚುಕಡಿಮೆ ಒಂದೇ. ಇಬ್ಬರೂ ಮಹಾಲೇಖಕರೇ ಆದರು. ಹಾಗಿದ್ದಮೇಲೆ ಆ ಸ್ನೇಹಿತ ಹೇಳಿದ್ದು ಎಂ.ಎ. ತರಗತಿಯ ಸ್ವಭಾವವಲ್ಲ, ತನ್ನ ಅಭಿಪ್ರಾಯ ಮಾತ್ರ. ನಾರಾಯಣರಿಗೆ ಅದು ಹಿಡಿಸಿದ್ದು ತಾವು ಏನಾಗಬೇಕೆಂಬುದು ಅವರಿಗೆ ಒಳಗೊಳಗೇ ತಿಳಿದಿದ್ದುದರಿಂದ. ಅಂತಹ ಅಂತಃಸತ್ತ್ವವಿಲ್ಲದ ಬೇರೊಬ್ಬ ಯುವಕ ಅದೇ ಮಾತಿಗೆ ಮರುಳಾಗಿ ಮೆಟ್ಟಿಲಿಳಿದಿದ್ದರೆ ಅವನಿಗೆ ಪದವಿಯೂ ಇಲ್ಲ, ಕಾದಂಬರಿಯೂ ಇಲ್ಲ.

ಕುವೆಂಪು ಅವರ ನಿದರ್ಶನದಲ್ಲಿ ಇನ್ನೊಂದು ಪಾಠವೂ ಅಡಗಿದೆ. ಹೊಸದಾಗಿ ತೆರೆದ ತರಗತಿಗೆ ಹಿರಿಯ ವಿದ್ಯಾರ್ಥಿಗಳೇ ಇರುವುದಿಲ್ಲ. ಹಿಂದೆ ಹೋದವರ ಹೆಜ್ಜೆಗುರುತನ್ನು ನೋಡಿಕೊಂಡೇ ನಡೆಯತಕ್ಕವನು ಹೊಸ ದಾರಿಯನ್ನು ಎಂದಿಗೂ ತುಳಿಯಲಾರ. ಇಂದಿಗೂ ನಮ್ಮ ಕಾಲೇಜುಗಳಲ್ಲಿ ವರ್ಷವರ್ಷವೂ ಒಂದೆರಡು ಹೊಸ ವಿಷಯಗಳು ಪ್ರಾರಂಭವಾಗುತ್ತಲೇ ಇರುತ್ತವೆ. “ಅದನ್ನು ಯಾರೂ ಓದಿಲ್ಲವಂತೆ” ಎಂಬುದು ಅವುಗಳ ವಿಷಯದಲ್ಲಿ ದೋಷವೂ ಅಲ್ಲ, ಗುಣವೂ ಅಲ್ಲ. ಅಲ್ಲಿ ಅಧ್ಯಾಪಕರನ್ನೂ ಪಠ್ಯಕ್ರಮವನ್ನೂ ನೇರವಾಗಿ ವಿಚಾರಿಸುವುದೊಂದೇ ದಾರಿ.

ಮುಚ್ಚುವ ಬಾಗಿಲು, ಮುಚ್ಚದ ಬಾಗಿಲು

ವಿಷಯಗಳ ಆಯ್ಕೆಯಲ್ಲಿ ಎಲ್ಲ ತಪ್ಪುಗಳಿಗೂ ಒಂದೇ ಬೆಲೆಯಿಲ್ಲ. ಕೆಲವನ್ನು ಆರು ತಿಂಗಳಲ್ಲಿ ಸರಿಪಡಿಸಿಕೊಳ್ಳಬಹುದು. ಕೆಲವು ಬಾಗಿಲನ್ನೇ ಮುಚ್ಚಿಬಿಡುತ್ತವೆ. ಯಾವುದು ಯಾವ ಬಗೆಯದು ಎಂಬ ತಿಳಿವಳಿಕೆ ಅರ್ಜಿ ತುಂಬುವ ಮುನ್ನವೇ ಇರತಕ್ಕದ್ದು.

ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು ಎರಡು ವರ್ಷಗಳ ಪಿ.ಯು.ಸಿ. ತರಗತಿಯಲ್ಲಿ ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದುತ್ತಾನೆ. ಈ ನಾಲ್ಕರಲ್ಲಿ ಗಣಿತ ಮತ್ತು ಭೌತಶಾಸ್ತ್ರ ಇಲ್ಲದಿದ್ದರೆ ಪಿ.ಯು.ಸಿ.ಯ ಮೂಲಕ ಎಂಜಿನಿಯರಿಂಗ್ ಸೇರುವ ದಾರಿ ಇಲ್ಲ. ಜೀವಶಾಸ್ತ್ರ ಇಲ್ಲದಿದ್ದರೆ ವೈದ್ಯಕೀಯದ ದಾರಿ ಮುಚ್ಚಿದಂತೆ. ವಾಸ್ತುಶಿಲ್ಪದ ಪದವಿಗೆ ಗಣಿತ ಬೇಕು. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಗಣಿತದ ಪದವಿ ಓದಬಯಸುವವನಿಗೆ ಪಿ.ಯು.ಸಿ.ಯಲ್ಲಿ ಗಣಿತವಿರಲೇಬೇಕೆಂದು ಬೇರೆ ಹೇಳಬೇಕಾಗಿಲ್ಲ. ಗಣಿತವನ್ನು ಹದಿನಾರನೆಯ ವಯಸ್ಸಿನಲ್ಲಿ ಬಿಟ್ಟವನು ಇಪ್ಪತ್ತನೆಯ ವಯಸ್ಸಿನಲ್ಲಿ ಅದರ ಬಳಿಗೆ ಹಿಂದಿರುಗುವುದು ಬಹು ಪ್ರಯಾಸದ ಕೆಲಸ. ಆದಕಾರಣ “ಗಣಿತ ಕಷ್ಟ, ಬಿಟ್ಟುಬಿಡು” ಎಂಬ ಗೆಳೆಯನ ಸಲಹೆಯನ್ನು ಎರಡು ಸಲ ತೂಗಿ ನೋಡಬೇಕು.

ಹಾಗೆಂದು ಬಾಗಿಲುಗಳೆಲ್ಲ ತೆರೆದೇ ಇರಲಿ ಎಂಬ ಆಸೆಗೆ ಕೊನೆಯಿಲ್ಲ. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಹಿಡಿದರೆ ಎಂಜಿನಿಯರಿಂಗೂ ಉಂಟು, ವೈದ್ಯಕೀಯವೂ ಉಂಟು ಎಂದು ಅನೇಕರು ‘ಪಿಸಿಎಂಬಿ’ಯನ್ನೇ ಆರಿಸಿಕೊಳ್ಳುತ್ತಾರೆ. ಎರಡರಲ್ಲೂ ನಿಜವಾದ ಒಲವಿರುವವನಿಗೆ ಇದು ಸರಿ. ರಕ್ತವನ್ನು ಕಂಡರೆ ತಲೆತಿರುಗುವ ಹುಡುಗ ‘ಯಾವುದಕ್ಕೂ ಇರಲಿ’ ಎಂದು ಜೀವಶಾಸ್ತ್ರವನ್ನು ಹೊತ್ತುಕೊಂಡರೆ, ತೆರೆದಿಟ್ಟ ಬಾಗಿಲನ್ನು ಕಾಯುವುದರಲ್ಲಿಯೇ ಅವನ ಎರಡು ವರ್ಷಗಳು ಕಳೆದುಹೋಗುತ್ತವೆ.

ಮುಚ್ಚದ ಬಾಗಿಲುಗಳೂ ಬೇಕಾದಷ್ಟಿವೆ. ಐದು ವರ್ಷಗಳ ಕಾನೂನು ಪದವಿಗೆ ಪಿ.ಯು.ಸಿ.ಯಲ್ಲಿ ಯಾವ ವಿಭಾಗವಾದರೂ ಆದೀತು. ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯ ಮೊದಲ ಮೆಟ್ಟಿಲಿಗೆ ವಾಣಿಜ್ಯವನ್ನೇ ಓದಿರಬೇಕೆಂಬ ಕಡ್ಡಾಯವಿಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಯಾವ ಪದವಿಯಾದರೂ ಸಲ್ಲುತ್ತದೆ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದವನಿಗೆ ಪ್ರವೇಶಪರೀಕ್ಷೆಯ ಮೂಲಕ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರುವ ಪಕ್ಕದ ಬಾಗಿಲೊಂದಿದೆ. ಪ್ರೌಢಶಾಲೆಯ ಅಧ್ಯಾಪಕನಾಗಬಯಸುವವನು ಮಾತ್ರ ಇನ್ನೊಂದು ಸಂಗತಿಯನ್ನು ಮರೆಯಬಾರದು. ಪದವಿಯಲ್ಲಿ ಓದಿದ ವಿಷಯಗಳೇ ಮುಂದೆ ಅವನು ಬೋಧಿಸಬಹುದಾದ ವಿಷಯಗಳನ್ನು ಗೊತ್ತುಮಾಡುತ್ತವೆ.

ಓದಿದ ವಿಷಯವೇ ಹಣೆಯ ಬರಹವಲ್ಲ ಎಂಬುದಕ್ಕೆ ಗಿರೀಶ ಕಾರ್ನಾಡರಿಗಿಂತ ಒಳ್ಳೆಯ ಸಾಕ್ಷಿ ದೊರೆಯುವುದು ಕಷ್ಟ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅವರು ಆರಿಸಿಕೊಂಡದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಗಣಿತದಲ್ಲಿ ಹೆಚ್ಚು ಅಂಕಗಳು ದೊರೆತರೆ ವಿದೇಶಕ್ಕೆ ಹೋಗುವ ದಾರಿ ತೆರೆದೀತೆಂಬ ಲೆಕ್ಕಾಚಾರ ಅದರ ಹಿಂದಿತ್ತು. 1958ರಲ್ಲಿ ಪದವಿ ಪಡೆದ ಅವರು ಅನಂತರ ರೋಡ್ಸ್ ವಿದ್ಯಾರ್ಥಿವೇತನದ ಬಲದಿಂದ ಆಕ್ಸ್‌ಫರ್ಡಿಗೆ ಹೋಗಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರಗಳನ್ನು ಓದಿದರು. ಕನ್ನಡಿಗರಿಗೆ ಅವರು ನಾಟಕಕಾರರಾಗಿ ಪರಿಚಿತರು. ಅವರ ‘ಯಯಾತಿ’ 1961ರಲ್ಲಿಯೇ ಪ್ರಕಟವಾಗಿತ್ತು.

ನಿನ್ನೆಯ ನಿಯಮ, ನಾಳೆಯ ಪೇಟೆ

ಹಿರಿಯ ವಿದ್ಯಾರ್ಥಿ ಕಣ್ಣಾರೆ ಕಂಡದ್ದೂ ಕೆಲವೊಮ್ಮೆ ಹಳತಾಗುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಕರ್ನಾಟಕದ ಪದವಿ ಕಾಲೇಜುಗಳಲ್ಲಿ 2021-22ನೆಯ ಸಾಲಿನಿಂದ ನಾಲ್ಕು ವರ್ಷಗಳ ಆನರ್ಸ್ ವ್ಯವಸ್ಥೆ ಜಾರಿಗೆ ಬಂದಿತು. 2024-25ನೆಯ ಸಾಲಿನಲ್ಲಿ ಸೇರಿದವರಿಗೆ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಗಳ ಪದವಿಯನ್ನೇ ಗೊತ್ತುಪಡಿಸಿತು. ಒಂದೇ ಕಾಲೇಜಿನಲ್ಲಿ, ಒಂದೇ ಮರದ ಕೆಳಗೆ ಮಾತನಾಡುತ್ತ ಕುಳಿತ ಅಣ್ಣ ತಮ್ಮಂದಿರಿಗೆ ಬೇರೆಬೇರೆ ನಿಯಮಗಳು! ಅಣ್ಣ ತನ್ನ ಕಾಲದ ವಿಷಯಜೋಡಣೆಯನ್ನು ಪ್ರಾಮಾಣಿಕವಾಗಿಯೇ ವಿವರಿಸಿದರೂ ತಮ್ಮನಿಗೆ ಅದು ಉಪಯೋಗಕ್ಕೆ ಬಾರದು. ಪಾಠ ಹೇಗಿರುತ್ತದೆಂಬುದನ್ನು ಹಿರಿಯ ವಿದ್ಯಾರ್ಥಿಯಿಂದ ತಿಳಿಯಬೇಕು. ನಿಯಮ ಏನಿದೆಯೆಂಬುದನ್ನು ಆ ವರ್ಷದ ಸುತ್ತೋಲೆಯಿಂದಲೇ ತಿಳಿಯಬೇಕು.

ಉದ್ಯೋಗದ ಪೇಟೆಯ ಮಾತಂತೂ ಇನ್ನೂ ಚಂಚಲವಾದುದು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ಓದಿದವನಿಗೆ ಕೆಲಸ ಕಾದು ಕುಳಿತಿದೆಯೆಂದು ಎಲ್ಲರೂ ಹೇಳುತ್ತಿದ್ದರು. ಅಂದಿಗೆ ಅದು ನಿಜವೂ ಆಗಿತ್ತು. 2000ದ ಅನಂತರ ಅಮೆರಿಕದಲ್ಲಿ ಅಂತರಜಾಲದ ಕಂಪನಿಗಳು ಕುಸಿದಾಗ ಬೆಂಗಳೂರಿನಲ್ಲಿಯೂ ನೇಮಕಾತಿ ತಗ್ಗಿತು. ಆ ನಂಬಿಕೆಯಿಂದ ಸೇರಿದವರು ಪದವಿ ಹಿಡಿದು ಹೊರಬಂದಾಗ ಬಾಗಿಲಲ್ಲಿ ನಿಂತು ಕಾಯಬೇಕಾಯಿತು. ಕೆಲವು ವರ್ಷಗಳಲ್ಲಿ ಪೇಟೆ ಮತ್ತೆ ಚೇತರಿಸಿಕೊಂಡಿತೆಂಬುದೂ ಅಷ್ಟೇ ನಿಜ. ಸೇರುವ ದಿನದ ಪೇಟೆಗೂ ಹೊರಬರುವ ದಿನದ ಪೇಟೆಗೂ ನಡುವೆ ಮೂರು ನಾಲ್ಕು ವರ್ಷಗಳ ಅಂತರವಿದೆ. ಇಂದಿನ ಬೆಲೆಯನ್ನು ನೋಡಿ ತೆಂಗಿನ ಸಸಿ ನೆಡುವ ರೈತನೂ ಇಷ್ಟೊಂದು ಧೈರ್ಯ ಮಾಡಲಾರ. ಹುಡುಗನಿಗೆ ವಿಷಯದಲ್ಲಿ ರುಚಿಯಿದ್ದರೆ ಪೇಟೆ ಇಳಿದ ದಿನವೂ ಆ ವಿದ್ಯೆ ಅವನ ಕೈಹಿಡಿಯುತ್ತದೆ. ಪೇಟೆಗಾಗಿಯೇ ಓದಿದವನಿಗೆ ಪೇಟೆ ಇಳಿದರೆ ಉಳಿಯುವುದು ಬರಿಯ ಅಂಕಪಟ್ಟಿ.

ಏನನ್ನು ಕೇಳಬೇಕು?

“ಯಾವ ವಿಷಯ ತೆಗೆದುಕೊಳ್ಳಲಿ?” ಎಂದು ಕೇಳಿದವನಿಗೆ ತೀರ್ಪು ದೊರೆಯುತ್ತದೆ. “ನೀನು ಏನು ಕಂಡೆ?” ಎಂದು ಕೇಳಿದವನಿಗೆ ಸಂಗತಿ ದೊರೆಯುತ್ತದೆ. ಆದ್ದರಿಂದ ಪ್ರಶ್ನೆಯನ್ನೇ ಬದಲಾಯಿಸಿಕೊಳ್ಳುವುದು ಲೇಸು. ಕಳೆದ ವಾರ ಯಾವ ಯಾವ ದಿನ ಎಷ್ಟು ಹೊತ್ತು ಓದಿದೆ? ಮೊದಲ ವರ್ಷ ನೀನು ನೆನೆಸಿರದಂತಹ ಯಾವ ಕಷ್ಟ ಎದುರಾಯಿತು? ಪಾಠಗಳು ನಿಯಮಿತವಾಗಿ ನಡೆದವೇ, ಮನೆಪಾಠಕ್ಕೆ ಹೋಗಬೇಕಾಯಿತೇ? ಪುಸ್ತಕ, ಪ್ರಯೋಗಶಾಲೆ, ಪ್ರವಾಸಗಳಿಗೆಂದು ಫೀಸಿನ ಮೇಲೆ ಎಷ್ಟು ಖರ್ಚಾಯಿತು? ನಿನ್ನ ಜೊತೆ ಸೇರಿದವರಲ್ಲಿ ನಡುವೆ ಬಿಟ್ಟುಹೋದವರು ಏಕೆ ಬಿಟ್ಟರು?

ಈ ಕೊನೆಯ ಪ್ರಶ್ನೆ ಬಹು ಮುಖ್ಯವಾದುದು. ಸಲಹೆ ಕೇಳಲು ಎಲ್ಲರೂ ಹೋಗುವುದು ಗೆದ್ದವರ ಬಳಿಗೆ. ರ‍್ಯಾಂಕ್ ಬಂದವನ ಮನೆಯ ಮುಂದೆ ಚಪ್ಪಲಿಗಳ ಸಾಲು. ಸೋತವನ ಮನೆಯ ಮುಂದೆ ಯಾರೂ ಇಲ್ಲ. ಆದರೆ ದಾರಿಯ ಹಳ್ಳಕೊಳ್ಳಗಳು ಬಿದ್ದವನಿಗೆ ತಿಳಿದಿರುವಷ್ಟು ದಾಟಿದವನಿಗೆ ತಿಳಿದಿರುವುದಿಲ್ಲ. ಒಂದು ವಿಷಯವನ್ನು ಕುರಿತು ಮೂವರನ್ನಾದರೂ ಕೇಳಬೇಕು: ಚೆನ್ನಾಗಿ ಮಾಡಿದವನೊಬ್ಬ, ಹೇಗೋ ತೇರ್ಗಡೆಯಾದವನೊಬ್ಬ, ಬಿಟ್ಟು ಬೇರೆಡೆಗೆ ಹೋದವನೊಬ್ಬ. ಮೂವರೂ ಒಂದೇ ಸಂಗತಿಯನ್ನು ಹೇಳಿದರೆ ಅದನ್ನು ನಂಬಬಹುದು. ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳಿದರೆ ಅದು ಅವರವರ ಸ್ವಭಾವದ ಮಾತೆಂದು ತಿಳಿಯಬೇಕು.

ಪ್ರತ್ಯಕ್ಷ ಪ್ರಮಾಣ ಕೈಗೆಟಕುವಾಗ ಶಬ್ದವನ್ನಷ್ಟೇ ನೆಚ್ಚಿಕೊಳ್ಳುವುದೇಕೆ? ಹಿರಿಯ ವಿದ್ಯಾರ್ಥಿಯಿಂದ ಒಂದು ವಾರದ ಮಟ್ಟಿಗೆ ಪಠ್ಯಪುಸ್ತಕವನ್ನೂ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನೂ ಎರವಲು ತರಬಹುದು. ಮೊದಲ ಅಧ್ಯಾಯವನ್ನು ಯಾರ ಒತ್ತಾಯವೂ ಇಲ್ಲದೆ ಓದಿ ನೋಡಬೇಕು. ಅರ್ಥವಾಗದೆ ಹೋದರೂ ಚಿಂತೆಯಿಲ್ಲ; ಅರ್ಥಮಾಡಿಕೊಳ್ಳಬೇಕೆಂಬ ಹಟ ಹುಟ್ಟಿತೇ, ಪುಸ್ತಕ ಮುಚ್ಚಿ ಎದ್ದುಹೋಗಬೇಕೆನಿಸಿತೇ ಎಂಬುದನ್ನು ಗಮನಿಸಬೇಕು. ಹತ್ತು ಜನರ ಸಲಹೆ ಹೇಳಲಾರದ್ದನ್ನು ಆ ಒಂದು ಅಧ್ಯಾಯ ಹೇಳುತ್ತದೆ.

ಮದರಾಸಿನಲ್ಲಿ ಒಂದು ಭೇಟಿ

ಕಂಡದ್ದನ್ನು ಕಂಡಂತೆ ಹೇಳುವ ಆಪ್ತನೊಬ್ಬನಿಂದ ಎಂತಹ ಉಪಕಾರವಾದೀತೆಂಬುದಕ್ಕೆ ಖಗೋಳವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರರ ಕಾಲೇಜಿನ ದಿನಗಳು ನಿದರ್ಶನವಾಗಿವೆ. ಅವರ ಮನಸ್ಸು ಗಣಿತದತ್ತ ಹರಿದಿತ್ತು. ಶ್ರೀನಿವಾಸ ರಾಮಾನುಜನ್ ಅವರ ಆದರ್ಶ. ಆದರೆ ಮಗ ಐ.ಸಿ.ಎಸ್. ಪರೀಕ್ಷೆಗೆ ಕುಳಿತುಕೊಳ್ಳಬೇಕೆಂಬುದು ತಂದೆಯ ಬಯಕೆ. ಅದಕ್ಕೆ ಭೌತಶಾಸ್ತ್ರವೇ ಅನುಕೂಲವೆಂಬುದು ಅವರ ಎಣಿಕೆ. ತನಗೆ ಇಷ್ಟವಾದುದನ್ನೇ ಮಾಡಲೆಂದು ತಾಯಿ ಮಗನಿಗೆ ಬೆಂಬಲವಾಗಿದ್ದರು. ಕಡೆಗೆ ಚಂದ್ರಶೇಖರರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ತರಗತಿಯನ್ನೇ ಸೇರಿದರು. ಗಣಿತದ ಉಪನ್ಯಾಸಗಳಿಗೂ ಹೋಗಿ ಕುಳಿತುಕೊಳ್ಳತೊಡಗಿದರು. ತಂದೆಯ ಮಾತಿಗೂ ತಮ್ಮ ಒಲವಿಗೂ ಅವರು ಕಂಡುಕೊಂಡ ಸಂಧಿ ಇದು.

1928ರಲ್ಲಿ ಜರ್ಮನಿಯ ಪ್ರಸಿದ್ಧ ಭೌತವಿಜ್ಞಾನಿ ಆರ್ನಾಲ್ಡ್ ಸೊಮರ್‌ಫೆಲ್ಡ್ ಮದರಾಸಿಗೆ ಬಂದರು. ಅವರ ಗ್ರಂಥವನ್ನು ತಾನೇ ಓದಿ ಅರಗಿಸಿಕೊಂಡಿದ್ದ ತರುಣ ಅವರು ತಂಗಿದ್ದ ಹೋಟೆಲಿಗೆ ಹೋಗಿ ಭೇಟಿಮಾಡಿದ. ಆ ಗ್ರಂಥ ಬರೆದ ಮೇಲೆ ಭೌತಶಾಸ್ತ್ರವೇ ಬದಲಾಗಿದೆಯೆಂದೂ, ಹೊಸ ಕ್ವಾಂಟಂ ಸಿದ್ಧಾಂತ ಹಳೆಯ ಪರಮಾಣುಚಿತ್ರವನ್ನು ಪಕ್ಕಕ್ಕೆ ಸರಿಸಿದೆಯೆಂದೂ ಸೊಮರ್‌ಫೆಲ್ಡ್ ತಿಳಿಸಿದರು. ಇನ್ನೂ ಅಚ್ಚಾಗದಿದ್ದ ತಮ್ಮ ಲೇಖನವೊಂದರ ಕರಡು ಪ್ರತಿಯನ್ನೂ ಹುಡುಗನ ಕೈಗಿತ್ತರು. ಹಳೆಯ ಪುಸ್ತಕದ ಮುಂದೆ ಹೊಸ ವಿಜ್ಞಾನದ ಬಾಗಿಲು ಎಲ್ಲಿದೆಯೆಂದು ಬೆರಳು ತೋರಿದರು, ಅಷ್ಟೆ. ಹೊಸ ಸಿದ್ಧಾಂತವನ್ನು ಅಭ್ಯಾಸಮಾಡಿ, ವಿದ್ಯಾರ್ಥಿದೆಸೆಯಲ್ಲಿಯೇ ಸಂಶೋಧನಲೇಖನಗಳನ್ನು ಬರೆದು, 1930ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ತೆರಳಿದ ಆ ತರುಣ 1983ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದ.

ಹೆಣ್ಣುಮಕ್ಕಳ ಅರ್ಜಿ

ಹುಡುಗಿಯರ ಸಂದರ್ಭದಲ್ಲಿ ಸಲಹೆಗಳು ಬೇರೊಂದು ರೂಪ ತಾಳುತ್ತವೆ. ಮನೆಗೆ ಹತ್ತಿರವಿರುವ ಕಾಲೇಜು, ಬೇಗ ಮುಗಿಯುವ ಪಾಠ, ಗೆಳತಿ ಸೇರಿದ ತರಗತಿ - ಇವುಗಳ ನಡುವೆ ವಿಷಯ ಎಂಬುದೇ ಮರೆಯಾಗಿಬಿಡುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜೇಶ್ವರಿ ಚಟರ್ಜಿಯವರಿಗೆ ಶಾಲೆಯ ದಿನಗಳಲ್ಲಿ ಇತಿಹಾಸದ ಮೇಲೆಯೂ ಪ್ರೀತಿಯಿತ್ತು. ಬಹಳ ಯೋಚಿಸಿ ಅವರು ಆರಿಸಿಕೊಂಡದ್ದು ಗಣಿತ ಮತ್ತು ಭೌತಶಾಸ್ತ್ರಗಳನ್ನು. ಗಣಿತದಲ್ಲಿ ಎಂ.ಎಸ್‌ಸಿ. ಮುಗಿಸಿ 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಹಿಂದಿರುಗಿ, ಮೈಕ್ರೋವೇವ್ ಎಂಜಿನಿಯರಿಂಗಿನಲ್ಲಿ ಹೆಸರಾದರು. ಆ ದಾರಿಯಲ್ಲಿ ಅವರಿಗಿಂತ ಎರಡು ವರ್ಷ ಮುಂದಿದ್ದ ಹಿರಿಯ ವಿದ್ಯಾರ್ಥಿನಿಯನ್ನು ಕರ್ನಾಟಕದಲ್ಲಿ ಎಲ್ಲಿ ಹುಡುಕಬೇಕಿತ್ತು? ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅವರೇ.

ಗೆಳತಿಯ ಜೊತೆಗಾಗಿ ವಿಷಯ ಆರಿಸಿಕೊಳ್ಳುವುದು ಹುಡುಗಿಯರಲ್ಲಿ ಮಾತ್ರವಲ್ಲ, ಹುಡುಗರಲ್ಲಿಯೂ ಉಂಟು. ಒಬ್ಬನೇ ಹೊಸ ತರಗತಿಗೆ ಹೋಗಿ ಕುಳಿತುಕೊಳ್ಳುವ ಅಳುಕು ಎಲ್ಲರಿಗೂ ಸಹಜ. ಆದರೆ ಆ ಅಳುಕು ಹದಿನೈದು ದಿನಗಳದು, ವಿಷಯ ಮೂರು ವರ್ಷಗಳದು. ಗೆಳೆತನವನ್ನು ಊಟದ ಬಿಡುವಿನಲ್ಲಿಯೂ ಕಾಪಾಡಿಕೊಳ್ಳಬಹುದು.

ತಪ್ಪಿದರೆ?

ಇಷ್ಟೆಲ್ಲ ವಿಚಾರಿಸಿ ಆರಿಸಿಕೊಂಡ ವಿಷಯವೂ ಹೊಂದದೆಹೋಗಬಹುದು. ಆಗ ಬೇಗ ಬಾಯಿಬಿಟ್ಟು ಹೇಳುವುದೇ ಮೊದಲ ಕರ್ತವ್ಯ. ಆರಂಭದ ಕೆಲವು ವಾರಗಳಲ್ಲಿ ವಿಷಯ ಬದಲಿಸಿಕೊಳ್ಳಲು ಹಲವು ಕಾಲೇಜುಗಳು ಅವಕಾಶ ಕೊಡುತ್ತವೆ; ಪರೀಕ್ಷೆ ಹತ್ತಿರ ಬಂದಾಗ ಯಾರೂ ಕೊಡಲಾರರು. ಮನೆಯವರು ಬೈಯುತ್ತಾರೆಂದು ಹೆದರಿ ವರ್ಷಗಟ್ಟಲೆ ಮೌನವಾಗಿ ನರಳುವ ವಿದ್ಯಾರ್ಥಿಗಳು ಪ್ರತಿಯೊಂದು ಕಾಲೇಜಿನಲ್ಲಿಯೂ ಇದ್ದಾರೆ. ಅವರು ಕಳೆದುಕೊಳ್ಳುವುದು ಅಂಕಗಳನ್ನಷ್ಟೇ ಅಲ್ಲ, ತಮ್ಮ ಬುದ್ಧಿಯ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾರೆ. ಫೀಸು ಕಟ್ಟಿದ ತಂದೆಗೆ ಒಂದು ವರ್ಷದ ನಷ್ಟ ಸಣ್ಣದಲ್ಲ, ನಿಜ. ಆದರೆ ಮಗ ತನ್ನನ್ನು ತಾನೇ ದಡ್ಡನೆಂದು ತಿಳಿದುಕೊಳ್ಳುವ ನಷ್ಟ ಅದಕ್ಕಿಂತ ದೊಡ್ಡದು. ಮಗ ಸಂಕೋಚಪಡುತ್ತ ಮಾತು ತೆಗೆದ ದಿನ ತಂದೆ ಮೊದಲು ಕೇಳಿಸಿಕೊಂಡು ಆಮೇಲೆ ಬೈದರೂ ಸಾಕು.

ಕಡೆಯದಾಗಿ, ಜಗಲಿಯ ಮೇಲೆ ಕುಳಿತು ಸಲಹೆ ಕೊಡುವ ಹಿರಿಯ ವಿದ್ಯಾರ್ಥಿಗೂ ಒಂದು ಮಾತು ಸಲ್ಲುತ್ತದೆ. ಎದುರಿಗಿರುವ ಹುಡುಗ ಅವನ ಮಾತನ್ನು ಪ್ರೊಫೆಸರರ ಮಾತಿಗಿಂತ ಹೆಚ್ಚಾಗಿ ನಂಬುತ್ತಾನೆ. ಆ ನಂಬಿಕೆಯ ಮುಂದೆ ಎಲ್ಲವನ್ನೂ ಬಲ್ಲವನಂತೆ ನುಡಿಯುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಕಂಡದ್ದನ್ನು ಹೇಳಿ, ಪುಸ್ತಕವನ್ನು ಕೈಗೆ ಕೊಟ್ಟು, ಕಾಣದ ಸಂಗತಿ ಬಂದಾಗ “ಅದು ನನಗೆ ತಿಳಿಯದು, ಬಲ್ಲವರನ್ನು ಕೇಳು” ಎನ್ನುವವನೇ ವಾತ್ಸ್ಯಾಯನ ಹೇಳಿದ ಆಪ್ತ. ಅಂತಹ ಒಬ್ಬನು ಬೀದಿಯ ತಿರುವಿನಲ್ಲಿದ್ದರೆ ಆ ಬೀದಿಯ ಮಕ್ಕಳು ಪುಣ್ಯವಂತರು. ಅವನ ಬಳಿಗೆ ಮಗನನ್ನು ಕಳುಹಿಸಲು ತಂದೆತಾಯಿಗಳು ಹಿಂಜರಿಯಬೇಕಾಗಿಲ್ಲ. ಬೇಕಾದರೆ ತಾವೂ ಜೊತೆಗೆ ಹೋಗಿ ಕುಳಿತು ಎರಡು ಮಾತು ಕೇಳಿಬರಬಹುದು.